ಅಡಿಗೆಮನೆಯಲ್ಲಿ ಬೆಳೆದ ಶೀಲ

ಚಾರಿತ್ರ್ಯವೆಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಬಾರಿ ಬಳಸುತ್ತೇವೆ. ಶಾಲೆಯನ್ನು ಬಿಟ್ಟುಹೋಗುವ ಹುಡುಗನಿಗೆ ಕೊಡುವ ಪತ್ರದಲ್ಲಿಯೂ ಅದಕ್ಕೊಂದು ಸಾಲು ಮೀಸಲಾಗಿದೆ. ‘ಉತ್ತಮ’ ಎಂದು ಬರೆದು ಮೊಹರು ಒತ್ತಿದರೆ ಆ ವಿಚಾರ ಅಲ್ಲಿಗೆ ಮುಗಿಯಿತು. ಆದರೆ ಶಬ್ದದ ಒಡಲನ್ನು ಸ್ವಲ್ಪ ಬಗೆದು ನೋಡಿದರೆ ಸ್ವಾರಸ್ಯವಾದ ಸಂಗತಿಯೊಂದು ಹೊಳೆಯುತ್ತದೆ. ಇಂಗ್ಲಿಷಿನ ‘ಕ್ಯಾರೆಕ್ಟರ್’ ಎಂಬ ಮಾತು ಗ್ರೀಕ್ ಮೂಲದ್ದು. ಲೋಹದ ಮೇಲೆ ಕೊರೆದ ಗುರುತು, ನಾಣ್ಯದ ಮೇಲೆ ಒತ್ತಿದ ಅಚ್ಚು ಎಂಬುದು ಅದರ ಮೊದಲ ಅರ್ಥ. ನಮ್ಮ ‘ಚಾರಿತ್ರ್ಯ’ವಾದರೋ ‘ಚರ್’ ಎಂಬ ಧಾತುವಿನಿಂದ ಬಂದುದು. ಚರಿಸುವುದು, ನಡೆಯುವುದು ಎಂದು ಅದರ ಅರ್ಥ. ಅಚ್ಚಕನ್ನಡದ ‘ನಡತೆ’, ‘ನಡೆವಳಿಕೆ’ಗಳೂ ಇದೇ ಜಾಡಿನವು. ಒಮ್ಮೆ ಒತ್ತಿದ ಅಚ್ಚು ಹಾಗೆಯೇ ಉಳಿಯುತ್ತದೆ. ನಡಿಗೆಯನ್ನು ಪ್ರತಿ ಹೆಜ್ಜೆಯಲ್ಲಿಯೂ ಮತ್ತೆ ಆಗಮಾಡಬೇಕು. ನಿನ್ನೆ ಚೆನ್ನಾಗಿ ನಡೆದವನು ಇಂದು ಎಡವಬಾರದೆಂದೇನೂ ಇಲ್ಲ.

ಸದ್ಗುಣವನ್ನು ಬೆಳೆಸಿಕೊಳ್ಳುವ ಬಗೆಯನ್ನು ಕುರಿತು ಕ್ರೈಸ್ತ ಸಾಹಿತ್ಯದಲ್ಲಿ ಬಂದಿರುವ ಗ್ರಂಥಗಳಿಗೆ ಲೆಕ್ಕವಿಲ್ಲ. ಹದಿನೈದನೆಯ ಶತಮಾನದ ‘ಕ್ರಿಸ್ತಾನುಕರಣ’ವನ್ನು ವಿವೇಕಾನಂದರು ತಮ್ಮ ಪರಿವ್ರಾಜಕ ದಿನಗಳಲ್ಲಿ ಬಂಗಾಳಿಗೆ ಅನುವಾದಿಸಲು ತೊಡಗಿದ್ದ ಸಂಗತಿ ಅನೇಕ ವಾಚಕರಿಗೆ ತಿಳಿದಿರಬಹುದು. ೧೬೦೯ರಲ್ಲಿ ಪ್ರಕಟವಾದ ಫ್ರಾನ್ಸಿಸ್ ದ ಸಾಲ್ಸ್‌ನ ಭಕ್ತಿಜೀವನದ ಪ್ರವೇಶಿಕೆಯೂ ಹೆಸರಾದುದೇ. ಇವೆಲ್ಲ ಓದಿ ಬಲ್ಲವರು ಬರೆದ ಪುಸ್ತಕಗಳು. ಇವುಗಳ ಮಗ್ಗುಲಲ್ಲಿ ಒಂದು ಸಣ್ಣ ಹೊತ್ತಗೆಯಿದೆ. ಅದರ ಹಿಂದಿರುವವನು ಒಬ್ಬ ಅಡಿಗೆಯವನು. ಅವನೊಡನೆ ನಡೆದ ನಾಲ್ಕು ಸಂಭಾಷಣೆಗಳ ಟಿಪ್ಪಣಿ, ಅವನು ಬರೆದ ಹದಿನಾರು ಪತ್ರಗಳು, ಕೆಲವು ನೀತಿವಚನಗಳು: ಇಷ್ಟೇ ಅದರ ಬಂಡವಾಳ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಈ ಪುಸ್ತಕ ನನ್ನ ಮೇಜನ್ನು ಬಿಟ್ಟು ಕದಲದೆ ಹಲವು ವರ್ಷಗಳಾದುವು. ನಾನು ಕ್ರೈಸ್ತನಲ್ಲ. ಕನ್ನಡ ಕಾವ್ಯವನ್ನು ಪಾಠ ಹೇಳಿ ಬದುಕುವವನು. ಆದರೂ ಈ ಅಡಿಗೆಯವನ ಬಾಳು ಮೇಷ್ಟರ ಕಸುಬಿನ ನನಗೆ ಬಹಳ ಹತ್ತಿರದ್ದಾಗಿ ತೋರಿದೆ. ಅದರ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅವನ ಹುಟ್ಟು ಹೆಸರು ನಿಕೊಲಾಸ್ ಹರ್ಮನ್. ಹುಟ್ಟಿದುದು ಸುಮಾರು ೧೬೧೪ರಲ್ಲಿ, ಲೋರೇನ್ ಪ್ರಾಂತದ ಎರಿಮೆನಿಲ್ ಎಂಬ ಹಳ್ಳಿಯ ಒಂದು ಬಡ ಮನೆಯಲ್ಲಿ. ಅಂದು ಲೋರೇನ್ ಒಂದು ಸ್ವತಂತ್ರ ಸಂಸ್ಥಾನ. ಇಂದು ಅದು ಫ್ರಾನ್ಸಿಗೆ ಸೇರಿದೆ. ಹದಿನೆಂಟು ವರ್ಷದವನಾಗಿದ್ದಾಗ, ಒಂದು ಚಳಿಗಾಲದಲ್ಲಿ, ಅವನು ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡನು. ಇನ್ನು ಕೆಲವೇ ದಿನಗಳಲ್ಲಿ ಈ ಒಣಕೊಂಬೆಗಳಲ್ಲಿ ಚಿಗುರು ಮೂಡುತ್ತದೆ, ಹೂ ಬಿಡುತ್ತದೆ, ಹಣ್ಣಾಗುತ್ತದೆ ಎಂಬ ಭಾವನೆ ಅವನ ಮನಸ್ಸನ್ನು ಹೊಕ್ಕಿತು. ಇದನ್ನು ನಡೆಸುವ ಶಕ್ತಿ ಯಾವುದೆಂಬ ಬೆರಗು ಅಂದಿನಿಂದ ಅವನನ್ನು ಬಿಡಲಿಲ್ಲ. ಮರವನ್ನು ಕಂಡವರು ಲಕ್ಷಾಂತರ ಜನ. ಕಂಡುದನ್ನು ನೆನಪಿನಲ್ಲಿಟ್ಟುಕೊಂಡು ಬಾಳಿದವರು ವಿರಳ.

ಆದರೆ ಬೆರಗುಗೊಂಡ ಕ್ಷಣದಲ್ಲಿಯೇ ಅವನ ಬಾಳು ಹಸನಾಯಿತೆಂದು ತಿಳಿಯಬೇಕಾಗಿಲ್ಲ. ಯೂರೋಪಿನಲ್ಲಿ ಆಗ ಮೂವತ್ತು ವರ್ಷಗಳ ಯುದ್ಧ ನಡೆದಿತ್ತು. ೧೬೧೮ರಿಂದ ೧೬೪೮ರ ವರೆಗೆ ಹಬ್ಬಿದ ಆ ಕಾಳಗದಲ್ಲಿ ಲೋರೇನ್ ಸೀಮೆ ಹಲವು ಸೈನ್ಯಗಳ ತುಳಿತಕ್ಕೆ ಸಿಕ್ಕಿ ನುಗ್ಗಾಯಿತು. ಬಡ ಹುಡುಗರಿಗೆ ಹೊಟ್ಟೆಯ ಪಾಡಿಗೆ ಇದ್ದ ದಾರಿ ಸಿಪಾಯಿಗಿರಿ, ನಿಕೊಲಾಸನೂ ಸಿಪಾಯಿಯಾದನು. ಗಾಯಗೊಂಡು ಮನೆಗೆ ಮರಳಿದನು. ಕಾಲಿನ ಊನ ಬಾಳಿನುದ್ದಕ್ಕೂ ಅವನ ಸಂಗಾತಿಯಾಯಿತು. ಬಳಿಕ ಖಜಾನೆಯ ದೊಡ್ಡ ಅಧಿಕಾರಿಯೊಬ್ಬನ ಮನೆಯಲ್ಲಿ ಆಳಾಗಿ ಸೇರಿದನು. ಅಲ್ಲಿ ತಾನೊಬ್ಬ ಒಡ್ಡೊಡ್ಡಾದ ಆಳು, ಮುಟ್ಟಿದುದನ್ನೆಲ್ಲ ಒಡೆಯುತ್ತಿದ್ದವನು ಎಂದು ಅವನೇ ಮುಂದೆ ನಗುತ್ತ ಹೇಳಿಕೊಂಡಿದ್ದಾನೆ.

೧೬೪೦ರಲ್ಲಿ ಅವನು ಪ್ಯಾರಿಸಿನ ವೋಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಸಭೆಯ ಮಠವನ್ನು ಸೇರಿದನು. ಇದು ಸ್ಪೇನಿನ ಸಂತ ತೆರೇಸಾ ಹದಿನಾರನೆಯ ಶತಮಾನದಲ್ಲಿ ಸುಧಾರಿಸಿ ಕಟ್ಟಿದ ‘ಬರಿಗಾಲಿನ’ ಶಾಖೆ. ಮಂಗಳೂರಿನ ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಮಂದಿರವನ್ನು ಕಂಡಿರುವವರು ಇದೇ ಸಭೆಯ ಸನ್ಯಾಸಿಗಳನ್ನು ಕಂಡಿದ್ದಾರೆ. ನಿಕೊಲಾಸನಿಗೆ ಅಲ್ಲಿ ‘ಪುನರುತ್ಥಾನದ ಲಾರೆನ್ಸ್’ ಎಂಬ ಹೆಸರಾಯಿತು. ಮಠದಲ್ಲಿ ಎರಡು ತರದವರಿದ್ದರು. ಲ್ಯಾಟಿನ್ ಬಲ್ಲವರು ಗುರುಗಳಾಗಿ ಪೂಜೆ, ಪಾಠ, ಬೋಧನೆಗಳನ್ನು ನಡೆಸುತ್ತಿದ್ದರು. ಓದಿಲ್ಲದವರು ‘ಸಹೋದರ’ರೆನಿಸಿಕೊಂಡು ಮೈಮುರಿದು ದುಡಿಯುತ್ತಿದ್ದರು. ಲಾರೆನ್ಸ್ ಎರಡನೆಯ ಸಾಲಿನವನು. ಅವನ ಪಾಲಿಗೆ ಬಂದುದು ಅಡಿಗೆಮನೆ.

ಇಲ್ಲಿ ನಾವು ಗಮನಿಸಬೇಕಾದ ಮೊದಲ ಸಂಗತಿಯಿದೆ. ಅಡಿಗೆಯ ಕೆಲಸ ಅವನಿಗೆ ಸ್ವಭಾವತಃ ಹಿಡಿಸದ ಕೆಲಸ. ಬಹಳ ಜುಗುಪ್ಸೆಯಿದ್ದುದಾಗಿ ಅವನೇ ಹೇಳಿದ್ದಾನೆ. ಹಿಡಿಸದ ಆ ಕೆಲಸವನ್ನು ಅವನು ಹದಿನೈದು ವರ್ಷ ಮಾಡಿದನು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ನನ್ನ ಯೋಗ್ಯತೆಗೆ ತಕ್ಕ ಕೆಲಸ ದೊರೆತರೆ ನಾನು ಎಷ್ಟು ಒಳ್ಳೆಯವನಾಗಬಲ್ಲೆ ಎಂದು ಹಂಬಲಿಸುತ್ತ ದಿನ ನೂಕುತ್ತಿದ್ದೆವು. ಸದ್ಗುಣಕ್ಕೆ ಅನುಕೂಲವಾದ ಸನ್ನಿವೇಶ ಮುಂದೆ ಎಂದೋ ಬರುತ್ತದೆ, ಬಂದ ಮೇಲೆ ನೋಡಿಕೊಳ್ಳೋಣ ಎಂಬ ಭ್ರಮೆ ಎಲ್ಲರಲ್ಲಿಯೂ ಇದೆ. ವಿದ್ಯಾರ್ಥಿ ಪರೀಕ್ಷೆ ಮುಗಿಯಲಿ ಎನ್ನುತ್ತಾನೆ. ಉದ್ಯೋಗಸ್ಥ ನಿವೃತ್ತಿಯಾಗಲಿ ಎನ್ನುತ್ತಾನೆ. ಲಾರೆನ್ಸ್ ಕಾಯಲಿಲ್ಲ. ಕೆಲಸವನ್ನು ಬದಲಾಯಿಸುವುದು ಅವನ ಕೈಯಲ್ಲಿರಲಿಲ್ಲ. ಯಾರಿಗಾಗಿ ಮಾಡುತ್ತೇನೆ ಎಂಬುದನ್ನು ಬದಲಾಯಿಸಿಕೊಳ್ಳುವುದು ಕೈಯಲ್ಲಿತ್ತು. ಬಾಣಲೆಯಲ್ಲಿ ಬೇಯುವ ಮೊಟ್ಟೆಯ ದೋಸೆಯನ್ನು ಮಗುಚುವಾಗ ದೇವರ ಮೇಲಣ ಪ್ರೀತಿಯಿಂದ ಮಗುಚುವುದು. ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿಯನ್ನು ಎತ್ತಿಹಾಕುವುದಾದರೂ ಆ ಪ್ರೀತಿಗಾಗಿಯೇ ಎತ್ತುವುದು. ಇದು ಅವನ ಸಾಧನೆಯ ಮೊದಲೂ ಹೌದು, ಕೊನೆಯೂ ಹೌದು. ಪ್ರಾರ್ಥನೆಗೆಂದು ಗಂಟೆ ಬಾರಿಸಿದಾಗ ಮಂಡಿಯೂರುವುದಕ್ಕೂ, ಪಾತ್ರೆಗಳ ಗಲಭೆಯ ನಡುವೆ ನಾಲ್ಕು ಜನ ನಾಲ್ಕು ಪದಾರ್ಥಗಳನ್ನು ಒಟ್ಟಿಗೆ ಕೇಳುತ್ತಿರುವಾಗ ಶಾಂತನಾಗಿರುವುದಕ್ಕೂ ಕಾಲಕ್ರಮದಲ್ಲಿ ಅವನಿಗೆ ಭೇದವೇ ಉಳಿಯಲಿಲ್ಲ.

ಈ ದೃಷ್ಟಿ ಲಾರೆನ್ಸನು ತಾನಾಗಿ ಹೊಸದಾಗಿ ಕಂಡುಹಿಡಿದುದೇನೂ ಅಲ್ಲ. ನಜರೇತಿನ ಬಡಗಿಯನ್ನು ಪ್ರಭುವೆಂದು ಒಪ್ಪಿದ ಧರ್ಮ ಕೈಗೆಲಸವನ್ನು ಹೀನವೆಂದು ಹೇಳುವ ಹಾಗಿಲ್ಲ. ಕೊನೆಯ ರಾತ್ರಿ ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ಕಥೆ ಯೋಹಾನನ ಸುವಾರ್ತೆಯಲ್ಲಿದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಮಠಗಳಿಗೆ ಬರೆದುಕೊಟ್ಟ ನಿಯಮಾವಳಿಯಲ್ಲಿ, ಉಗ್ರಾಣದ ಪಾತ್ರೆಪರಡಿಗಳನ್ನು ಪೂಜಾಪೀಠದ ಪಾತ್ರೆಗಳಷ್ಟೇ ಜೋಪಾನವಾಗಿ ಕಾಣಬೇಕೆಂದು ವಿಧಿಸಿದನು. ಸರದಿಯ ಮೇಲೆ ಎಲ್ಲರೂ ವಾರಕ್ಕೊಮ್ಮೆ ಬದಲಾಗಿ ಅಡಿಗೆಮನೆಯಲ್ಲಿ ದುಡಿಯಬೇಕೆಂದೂ ಅಲ್ಲಿದೆ. ಸಂತ ತೆರೇಸಾ ತನ್ನ ಸೋದರಿಯರಿಗೆ, ಅಡಿಗೆಮನೆಯ ಮಡಕೆ ಕುಡಿಕೆಗಳ ನಡುವೆಯೂ ಸ್ವಾಮಿ ಓಡಾಡುತ್ತಾನೆಂದು ಧೈರ್ಯ ಹೇಳಿದಳು. ಲಾರೆನ್ಸನಿಗೆ ಇದು ಪರಂಪರೆಯಿಂದ ಬಂದ ಆಸ್ತಿ. ಕೇಳಿದ ಮಾತನ್ನು ಹದಿನೈದು ವರ್ಷ ಒಲೆಯ ಮುಂದೆ ನಿಂತು ನಿಜಮಾಡಿಕೊಂಡುದು ಅವನದೇ ಸಂಪಾದನೆ.

ಎರಡನೆಯ ಸಂಗತಿ, ಅವನಿಗೆ ಹಿಡಿದ ಕಾಲ. ಮೊದಲ ಹತ್ತು ವರ್ಷ ತಾನು ಬಹಳ ಕಷ್ಟಪಟ್ಟೆನೆಂದು ಅವನ ಪತ್ರವೊಂದರಲ್ಲಿದೆ. ತನ್ನ ಹಳೆಯ ತಪ್ಪುಗಳ ನೆನಪು, ಮಾಡುತ್ತಿರುವುದೆಲ್ಲ ಭ್ರಮೆಯೋ ಎಂಬ ಶಂಕೆ, ಎಲ್ಲವೂ ತನಗೆ ಎದುರಾಗಿ ನಿಂತಂತೆ ತೋರುವ ಒಂಟಿತನ: ಇವು ದಶಕದ ಕಾಲ ಅವನನ್ನು ಕಾಡಿದುವು. ಹತ್ತು ವರ್ಷ! ಮೂರು ವಾರಗಳಲ್ಲಿ ಅಭ್ಯಾಸವನ್ನು ಬದಲಾಯಿಸಿಕೊಳ್ಳಿರೆಂದು ಮೊಬೈಲು ಫೋನಿನ ಪರದೆಯ ಮೇಲೆ ಉಪದೇಶ ಹರಿದುಬರುವ ಈ ಕಾಲದಲ್ಲಿ ಆ ಲೆಕ್ಕ ನಮ್ಮ ತರುಣರನ್ನು ಹೆದರಿಸಬಹುದು. ನನಗೆ ಅದರಿಂದ ಸಮಾಧಾನವೇ ಆಗಿದೆ. ಆರು ತಿಂಗಳು ಪ್ರಯತ್ನಪಟ್ಟು ಸಿಟ್ಟು ಬಿಡಲಾಗಲಿಲ್ಲವೆಂದು ಕೊರಗುವವನಿಗೆ, ಕೈಹಿಡಿದು ಸಂತೈಸುವ ಹಿರಿಯಣ್ಣನಂತೆ ಈ ಹತ್ತು ವರ್ಷಗಳು ನಿಂತಿವೆ.

ಮೂರನೆಯದೇ ನನ್ನ ಪಾಲಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ತಪ್ಪಿ ನಡೆದಾಗ ಲಾರೆನ್ಸ್ ಏನು ಮಾಡುತ್ತಿದ್ದನು? ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುತ್ತಿದ್ದನು. ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ನಾನು ಹೀಗೆಯೇ, ನೀನೇ ತಿದ್ದಬೇಕು ಎಂದು ದೇವರಿಗೆ ಅರಿಕೆಮಾಡುತ್ತಿದ್ದನು. ಆಮೇಲೆ ಅದನ್ನು ಕೆದಕುತ್ತ ಕೂಡದೆ ಕೆಲಸಕ್ಕೆ ಮರಳುತ್ತಿದ್ದನು. ಮನಸ್ಸು ಚದುರಿ ಹೋದುದು ಅರಿವಿಗೆ ಬಂದಾಗಲೂ ಅಷ್ಟೆ. ಬೈದು ಎಳೆದು ತರುವುದಿಲ್ಲ, ಮೆಲ್ಲನೆ ಕರೆದು ತರುತ್ತಾನೆ. ಇದು ಸುಲಭವಾಗಿ ಕಾಣುತ್ತದೆ. ಆದರೆ ನಮ್ಮ ಅನುಭವವನ್ನು ನೋಡಿಕೊಂಡರೆ ಎಷ್ಟು ಕಷ್ಟವೆಂಬುದು ತಿಳಿದೀತು. ತಪ್ಪು ಮಾಡಿದವನು ಎರಡು ಹಾದಿಗಳಲ್ಲಿ ಒಂದನ್ನು ಹಿಡಿಯುವುದು ವಾಡಿಕೆ. ಒಂದು, ನೆಪ ಹುಡುಕಿ ತಪ್ಪನ್ನು ಮುಚ್ಚುವುದು. ಇನ್ನೊಂದು, ನಾನು ಕೆಟ್ಟವನು, ಉದ್ಧಾರವಾಗುವವನಲ್ಲ ಎಂದು ಹಲುಬುವುದು. ಎರಡನೆಯದು ವಿನಯದಂತೆ ಕಾಣುತ್ತದೆಯಾದರೂ ಅದರಲ್ಲಿ ಒಂದು ಬಗೆಯ ಅಭಿಮಾನವೇ ಅಡಗಿದೆ: ನನ್ನಂಥವನು ಹೇಗೆ ಎಡವಿದೆನು ಎಂಬ ಅಚ್ಚರಿ ಅದರ ಬೇರು. ಲಾರೆನ್ಸನಿಗೆ ತಾನು ಎಡವುವುದರಲ್ಲಿ ಅಚ್ಚರಿಯೇ ಇರಲಿಲ್ಲ. ಎಡವದೆ ನಡೆದ ದಿನ ಅಚ್ಚರಿಪಟ್ಟು ದೇವರಿಗೆ ವಂದಿಸುತ್ತಿದ್ದನು.

ಅವನ ಬಾಳಿನಿಂದ ಒಂದು ಪ್ರಸಂಗ. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡುತರಲು ಅವನನ್ನು ಬರ್ಗಂಡಿ ಸೀಮೆಗೆ ಕಳಿಸಿದರು. ವ್ಯಾಪಾರ ಅವನಿಗೆ ಬಾರದ ವಿದ್ಯೆ. ಕಾಲು ಬೇರೆ ಕುಂಟು. ದೋಣಿಯ ಮೇಲೆ ಆಚೀಚೆ ಹೋಗಬೇಕಾದರೆ ಪೀಪಾಯಿಗಳ ಮೇಲೆ ಹೊರಳಿಕೊಂಡೇ ಹೋಗಬೇಕಾಗಿತ್ತು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಅವನು ಹೊರಟನು. ಕೆಲಸ ಚೆನ್ನಾಗಿಯೇ ಆಯಿತೆಂದು ಆಮೇಲೆ ತಿಳಿಸಿದನು. ಪೀಪಾಯಿಗಳ ಮೇಲೆ ಉರುಳುತ್ತಿರುವ ಒಬ್ಬ ಸನ್ಯಾಸಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ನೋಡಿದವರು ನಕ್ಕಿರಬೇಕು. ಆ ಚಿತ್ರದಲ್ಲಿ ಗಾಂಭೀರ್ಯವಿಲ್ಲ, ಪ್ರಭಾವಳಿಯಿಲ್ಲ. ಆದರೆ ತನ್ನ ಘನತೆಯನ್ನು ಕಾಪಾಡಿಕೊಳ್ಳಬೇಕೆಂಬ ಚಿಂತೆ ಇಲ್ಲದವನಿಗೆ ಎಂಥ ಬಿಡುಗಡೆ!

ಈ ಮಾತುಗಳು ನಮಗೆ ದೊರೆತ ಬಗೆಯೂ ತಿಳಿಯಬೇಕಾದುದೇ. ೧೬೬೬ರ ಆಗಸ್ಟ್ ೩ರಂದು ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಲಾರೆನ್ಸನನ್ನು ಮೊದಲ ಬಾರಿ ಕಂಡು ಮಾತನಾಡಿಸಿದನು. ಮರುವರ್ಷದ ನವೆಂಬರಿನ ವರೆಗೆ ನಾಲ್ಕು ಬಾರಿ ಹೀಗೆ ಮಾತುಕತೆಯಾಯಿತು. ಕೇಳಿದುದನ್ನು ಬೋಫೋರ್ ಬರೆದಿಟ್ಟನು. ಅದೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಮತ್ತೊಂದು ಗದ್ದಲವೆದ್ದಿತ್ತು. ಮೋಲಿಯೇರನ ‘ತಾರ್ತುಫ್’ ನಾಟಕ ೧೬೬೪ರಲ್ಲಿ ಅರಸನ ಮುಂದೆ ಆಡಲ್ಪಟ್ಟು, ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಿದ್ದಿತು. ನಿಷೇಧ ಪೂರ್ತಿಯಾಗಿ ತೆರವಾದುದು ೧೬೬೯ರಲ್ಲಿ. ಭಕ್ತಿಯ ಸೋಗು ಹಾಕಿ ಒಂದು ಮನೆಯನ್ನೇ ನುಂಗಲು ಹೊರಟ ಕಪಟಿಯ ಕಥೆ ಅದು. ರಂಗಸ್ಥಳದಲ್ಲಿ ಡಾಂಭಿಕ ಭಕ್ತನು ವಾದಕ್ಕೆ ಕಾರಣನಾಗಿದ್ದಾಗ, ಅದೇ ಊರಿನ ಅಡಿಗೆಯವನೊಬ್ಬನು ಯಾರ ಕಣ್ಣಿಗೂ ಬೀಳದ ಭಕ್ತಿಯನ್ನು ಕುರಿತು ಮೆಲ್ಲನೆ ಮಾತನಾಡುತ್ತಿದ್ದನು. ಒಳ್ಳೆಯತನ ತೋರಿಕೆಯ ವಸ್ತುವಾದ ಕಾಲದಲ್ಲಿ ಅದರ ಪರೀಕ್ಷೆ ತೋರಿಕೆಗೆ ಅವಕಾಶವಿಲ್ಲದ ಎಡೆಯಲ್ಲಿಯೇ ಆಗಬೇಕು. ಅಡಿಗೆಮನೆ ಅಂಥ ಎಡೆ. ಊಟ ಮಾಡಿದವರು ರುಚಿಯನ್ನು ಹೊಗಳಬಹುದು. ಪಾತ್ರೆ ತೊಳೆದವನ ತಾಳ್ಮೆಯನ್ನು ಹೊಗಳುವವರಿಲ್ಲ.

ಬೋಫೋರ್ ಈ ಬರಹಗಳನ್ನು ಲಾರೆನ್ಸ್ ತೀರಿಕೊಂಡ ಮೇಲೆ, ೧೬೯೨ ಮತ್ತು ೧೬೯೪ರಲ್ಲಿ, ಅಚ್ಚುಹಾಕಿಸಿದನು. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಮೌನಧ್ಯಾನದ ಪಂಥವನ್ನು ಕುರಿತು ಜಗಳ ಹುಟ್ಟಿತ್ತು. ಲಾರೆನ್ಸನನ್ನು ಬಲ್ಲವನಾಗಿದ್ದ ಬಿಷಪ್ ಫೆನೆಲೋನನ ಗ್ರಂಥವೊಂದರ ೨೩ ವಾಕ್ಯಗಳನ್ನು ೧೬೯೯ರಲ್ಲಿ ಪೋಪರು ಖಂಡಿಸಿದರು. ಅದರ ನೆರಳು ಈ ಬಡಪಾಯಿಯ ಪುಸ್ತಕದ ಮೇಲೂ ಬಿದ್ದಿತು. ಕಥೋಲಿಕ ಸನ್ಯಾಸಿಯ ಮಾತುಗಳನ್ನು ಬಹುಕಾಲ ಆದರಿಸಿ ಉಳಿಸಿದವರು ಪ್ರಾಟೆಸ್ಟೆಂಟರು. ಇಂಗ್ಲೆಂಡಿನ ಜಾನ್ ವೆಸ್ಲಿ ತನ್ನ ‘ಕ್ರೈಸ್ತ ಗ್ರಂಥಮಾಲೆ’ಯಲ್ಲಿ ಅದರ ಭಾಗಗಳನ್ನು ಸೇರಿಸಿಕೊಂಡನು.

ಇಷ್ಟನ್ನು ನಾನೊಮ್ಮೆ ತರಗತಿಯಲ್ಲಿ ವಚನಗಳ ಪಾಠದ ನಡುವೆ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಅಡಿಗೆಯವನು ತೃಪ್ತನಾಗಿದ್ದರೆ ಉಣ್ಣುವವರಿಗೆ ಅನುಕೂಲವೇ. ನಮ್ಮ ಮನೆಯಲ್ಲಿ ಅಮ್ಮ ಮೂವತ್ತು ವರ್ಷದಿಂದ ಒಲೆಯ ಮುಂದಿದ್ದಾಳೆ. ಅವಳಿಗೆ ಈ ಕಥೆ ಹೇಳಿದರೆ ಅವಳು ಏನೆಂದುಕೊಳ್ಳಬೇಕು?” ತರಗತಿ ಸ್ತಬ್ಧವಾಯಿತು. ಇದು ಜಾಣತನಕ್ಕೆ ಕೇಳಿದ ಪ್ರಶ್ನೆಯಾಗಿರಲಿಲ್ಲ. ಅವಳ ದನಿಯಲ್ಲಿ ನೋವಿತ್ತು. ನಾನು ಅಂದು ಅವಳಿಗೆ ಹೇಳಿದುದನ್ನೂ, ಆಮೇಲೆ ಯೋಚಿಸಿ ಕಂಡುಕೊಂಡುದನ್ನೂ ಇಲ್ಲಿ ಕೂಡಿಸಿ ಬರೆಯುತ್ತೇನೆ.

ಆಕ್ಷೇಪಣೆ ನ್ಯಾಯವಾದುದು. ಧರ್ಮದ ಹೆಸರಿನಲ್ಲಿ ತಾಳ್ಮೆಯನ್ನು ಬೋಧಿಸಿ ದುಡಿಯುವವರ ಬಾಯಿ ಮುಚ್ಚಿಸಿದ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಲಾರೆನ್ಸನ ಮಠದಲ್ಲಿಯೂ ಓದಿದವರು ಮೇಲೆ, ಓದದವರು ಕೆಳಗೆ ಎಂಬ ಏರ್ಪಾಡಿದ್ದುದು ನಿಜ; ಬೆನೆಡಿಕ್ಟನು ಹೇಳಿದ ಸರದಿಯ ನ್ಯಾಯ ಅಲ್ಲಿ ಸಲ್ಲಲಿಲ್ಲ. ಆದರೆ ಪುಸ್ತಕವನ್ನು ಗಮನವಿಟ್ಟು ಓದಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಲಾರೆನ್ಸ್ ತನ್ನ ಸಾಧನೆಯನ್ನು ತಾನು ಆರಿಸಿಕೊಂಡನು. ಕೇಳಿಬಂದವರಿಗೆ ತನ್ನ ಅನುಭವವನ್ನು ತಿಳಿಸಿದನು. ಆಳುಗಳಿಗೆ ಒಡೆಯರು ಕಲಿಸಬೇಕಾದ ಪಾಠವೆಂದು ಎಲ್ಲಿಯೂ ಹೇಳಲಿಲ್ಲ. ಈ ಮಾರ್ಗವನ್ನು ಒಬ್ಬನು ತಾನು ಹಿಡಿಯಬಹುದೇ ಹೊರತು ಇನ್ನೊಬ್ಬರ ಮೇಲೆ ಹೊರಿಸುವಂತಿಲ್ಲ. ತನ್ನ ಹೆಂಡತಿಗೋ ಮನೆಗೆಲಸದವಳಿಗೋ ‘ಲಾರೆನ್ಸನಂತಿರು’ ಎಂದು ಉಪದೇಶಿಸುವ ಗೃಹಸ್ಥನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಅವನಿಗೆ ಆ ಪುಸ್ತಕ ಹೇಳುವುದು ಒಂದೇ ಮಾತು: ಏಳು, ನೀನು ಹೋಗಿ ಪಾತ್ರೆ ತೊಳೆ. ಆ ಹುಡುಗಿಗೆ ನಾನು ಇದನ್ನು ಹೇಳಿದಾಗ ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. “ಹಾಗಾದರೆ ಕಥೆಯನ್ನು ಅಪ್ಪನಿಗೆ ಹೇಳುತ್ತೇನೆ” ಎಂದು ಕುಳಿತಳು.

ನಮ್ಮ ಶರಣರು ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆಂದು ನನಗೆ ತೋರುತ್ತದೆ. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಅಲ್ಲಿ ಕಾಯಕದ ಜೊತೆಗೆ ಅದರ ಫಲ ಯಾರಿಗೆ ಎಷ್ಟು ಸಲ್ಲಬೇಕು ಎಂಬ ವಿಚಾರವೂ ಇದೆ. ಗಂಡನಿಗೆ ಬುದ್ಧಿ ಹೇಳುವ ಸಲಿಗೆ ಹೆಂಡತಿಗಿದೆ. ಲಾರೆನ್ಸನಲ್ಲಿ ಆ ಸಾಮಾಜಿಕ ದೃಷ್ಟಿಯಿಲ್ಲ. ಅವನದು ಒಬ್ಬಂಟಿಯ ಸಾಧನೆ. ಅವನಲ್ಲಿ ಇಲ್ಲದುದನ್ನು ಇದೆಯೆಂದು ಹೇಳಬೇಕಾಗಿಲ್ಲ. ಇರುವುದನ್ನು ಕೃತಜ್ಞತೆಯಿಂದ ತೆಗೆದುಕೊಳ್ಳಬಹುದು.

ದೇವರಲ್ಲಿ ನಂಬಿಕೆಯಿಲ್ಲದವರಿಗೆ ಇದರಿಂದ ಏನು ಪ್ರಯೋಜನವೆಂದೂ ಕೇಳಬಹುದು. ದೇವರನ್ನು ತೆಗೆದುಹಾಕಿ ಉಳಿದುದನ್ನು ಮಾತ್ರ ಇಟ್ಟುಕೊಂಡರೆ ಲಾರೆನ್ಸ್ ಅದನ್ನು ತನ್ನದೆಂದು ಒಪ್ಪುತ್ತಿರಲಿಲ್ಲ. ಅವನಿಗೆ ಶಾಂತಿ ಗುರಿಯಾಗಿರಲಿಲ್ಲ. ಪ್ರೀತಿ ಗುರಿ, ಶಾಂತಿ ಅದರ ಬೆನ್ನಿಗೆ ಬಂದ ಫಲ. ಆದರೆ ಪ್ರೀತಿಸತಕ್ಕ ಯಾವುದೋ ಒಂದು ಎಲ್ಲರ ಬಾಳಿನಲ್ಲಿಯೂ ಇದೆ. ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಬೇಸಗೆಯ ಮೌಲ್ಯಮಾಪನದ ದಿನಗಳಲ್ಲಿ ನಮ್ಮ ಮುಂದೆ ಉತ್ತರಪತ್ರಿಕೆಗಳ ಕಟ್ಟುಗಳು ಬಂದು ಬೀಳುತ್ತವೆ. ಒಂದೇ ಪ್ರಶ್ನೆ, ಒಂದೇ ಉತ್ತರ, ಅವೇ ಕಾಗುಣಿತದ ತಪ್ಪುಗಳು. ಮೊದಲನೆಯ ಪತ್ರಿಕೆಗೆ ಸಲ್ಲುವ ಗಮನ ನಲವತ್ತನೆಯದಕ್ಕೂ ಸಲ್ಲಬೇಕು; ಏಕೆಂದರೆ ನಲವತ್ತನೆಯದನ್ನು ಬರೆದವನಿಗೆ ಅದು ಮೊದಲನೆಯದೇ. ನೋಂದಣಿ ಸಂಖ್ಯೆಯಿಲ್ಲದ, ಮುಖವಿಲ್ಲದ ಆ ಹುಡುಗ ಅಥವಾ ಹುಡುಗಿ ಎಂದೂ ನನಗೆ ಕೃತಜ್ಞತೆ ಹೇಳುವಂತಿಲ್ಲ. ಸೆಕೆ, ಬೇಸರ, ಗಡಿಯಾರದ ಮುಳ್ಳು ಎಲ್ಲವೂ ಪುಟವನ್ನು ಬೇಗ ತಿರುವಲು ಹೇಳುತ್ತವೆ. ಆಗ ಬಾಣಲೆಯ ಮುಂದೆ ನಿಂತ ಕುಂಟ ಸನ್ಯಾಸಿಯನ್ನು ನೆನೆಯುತ್ತೇನೆ. ಬೇಸರ ಹೋಗುವುದಿಲ್ಲ. ಬೇಸರವಿದ್ದೂ ಪುಟವನ್ನು ಪೂರ್ತಿಯಾಗಿ ಓದುವುದು ಸಾಧ್ಯವಾಗುತ್ತದೆ. ಅಧ್ಯಾಪಕ ಮಿತ್ರರಿಗೆ ಇದು ಅರ್ಥವಾದೀತು.

ಕಾಲಿನ ಬಾಧೆ ಹೆಚ್ಚಾದ ಮೇಲೆ ಲಾರೆನ್ಸನಿಗೆ ಕುಳಿತು ಮಾಡುವ ಕೆಲಸ ಕೊಟ್ಟರು: ಮಠದವರ ಪಾದರಕ್ಷೆಗಳನ್ನು ಹೊಲಿಯುವುದು, ದುರಸ್ತಿ ಮಾಡುವುದು. ಅದನ್ನೂ ಅವನು ಅದೇ ಬಗೆಯಲ್ಲಿ ಮಾಡಿದನು. ಕೊನೆಯ ಪತ್ರವನ್ನು ೧೬೯೧ರ ಫೆಬ್ರವರಿ ೬ರಂದು ಬರೆದನು. ಅದೇ ತಿಂಗಳ ೧೨ರಂದು, ಸುಮಾರು ಎಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನಿದ್ದ ಮಠ ಮುಂದೆ ರಕ್ತವನ್ನೂ ಕಂಡಿತು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, ೧೭೯೨ರ ಸೆಪ್ಟೆಂಬರ್ ೨ರಂದು, ಅಲ್ಲಿ ಸೆರೆಯಿಟ್ಟಿದ್ದ ನೂರಕ್ಕೂ ಹೆಚ್ಚು ಪಾದ್ರಿಗಳ ಕೊಲೆಯಾಯಿತು. ೧೮೭೫ರಲ್ಲಿ ಆ ಆವರಣದಲ್ಲಿ ಕಥೋಲಿಕ ವಿದ್ಯಾಪೀಠ ಸ್ಥಾಪಿತವಾಯಿತು. ಇಂದು ಅಲ್ಲಿ ವಿದ್ಯಾರ್ಥಿಗಳು ಓದುತ್ತಾರೆ. ಒಬ್ಬ ಓದದವನು ಪಾತ್ರೆ ತೊಳೆದ ನೆಲದಲ್ಲಿ ಓದುವವರ ಓಡಾಟ ನಡೆದಿದೆ.

ಆ ವಿದ್ಯಾರ್ಥಿಗಳಿಗೂ, ನಮ್ಮೂರಿನ ಹಾಸ್ಟೆಲುಗಳಲ್ಲಿ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುವ ವಿದ್ಯಾರ್ಥಿಗಳಿಗೂ ಅವನಿಂದ ಕಲಿಯಬೇಕಾದುದು ಒಂದೇ. ನಾಳೆ ಮಹತ್ಕಾರ್ಯವನ್ನು ಮಾಡಲು ಇಂದು ಮನಸ್ಸನ್ನು ಹುರಿಗೊಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಮಹತ್ಕಾರ್ಯದ ದಿನ ಬಂದಾಗ ಅದನ್ನು ಮಾಡುವವನು ಇಂದು ತಟ್ಟೆ ತೊಳೆದ ಮನುಷ್ಯನೇ. ಬೇರೆಯವನು ಎಲ್ಲಿಂದಲೂ ಬರುವುದಿಲ್ಲ. ಲಾರೆನ್ಸನ ನಡಿಗೆ ಕುಂಟು ನಡಿಗೆ. ಬಿದ್ದಾಗ ಎದ್ದು, ತಡೆದಾಗ ಪೀಪಾಯಿಗಳ ಮೇಲೆ ಹೊರಳಿಯಾದರೂ ಮುಂದೆ ಸಾಗಿ, ಐವತ್ತು ವರ್ಷ ಅವನು ಅದೇ ದಾರಿಯಲ್ಲಿ ನಡೆದನು.